ಬಿಡಿಭಾಗದ ಜಾತಕ

ವಿಮಾನದ ಬಿಡಿಭಾಗವೊಂದರ ಬೆಲೆಯಲ್ಲಿ ಅದರ ಕಾಗದಪತ್ರದ ಪಾಲೇ ದೊಡ್ಡದೆಂಬುದು ಪೂರೈಕೆಯ ವೃತ್ತಿಗೆ ಹೊಸದಾಗಿ ಬಂದವರಿಗೆ ತಡವಾಗಿಯೇ ಅರ್ಥವಾಗುತ್ತದೆ. ಭಾಗವನ್ನು ತಯಾರಿಸಿದವರು, ಇಲ್ಲವೇ ದುರಸ್ತಿ ಮಾಡಿದ ಅನುಮೋದಿತ ಕಾರ್ಯಾಗಾರದವರು, ಅದು ಬಳಕೆಗೆ ಯೋಗ್ಯವೆಂದು ಸಹಿ ಹಾಕಿ ಕೊಡುವ ಪತ್ರಕ್ಕೆ ಅಮೆರಿಕದಲ್ಲಿ 8130-3 ನಮೂನೆಯೆಂದೂ, ಯುರೋಪಿನಲ್ಲಿ ಈಸಾ ಫಾರ್ಮ್ 1 ಎಂದೂ, ಭಾರತದ ಡಿಜಿಸಿಎ ವ್ಯವಸ್ಥೆಯಲ್ಲಿ ಸಿಎ ಫಾರ್ಮ್ 1 ಎಂದೂ ಹೆಸರು. ಅದಿಲ್ಲದ ಭಾಗ ಎಷ್ಟೇ ಹೊಳೆಯುತ್ತಿರಲಿ, ವಿಮಾನದ ಮಟ್ಟಿಗೆ ಗುಜರಿಯೇ. ಎಂಜಿನ್ನಿನ ಟರ್ಬೈನ್ ಡಿಸ್ಕಿನಂತೆ ಇಂತಿಷ್ಟು ಹಾರಾಟಗಳಿಗೆ ಆಯುಷ್ಯ ತೀರುವ ಭಾಗಗಳಿಗಂತೂ, ಹುಟ್ಟಿದಂದಿನಿಂದ ಯಾವ ವಿಮಾನದಲ್ಲಿ ಎಷ್ಟು ಬಾರಿ ಹಾರಿದವೆಂಬ ಪೂರ್ಣ ಜಾತಕವನ್ನೇ ಒದಗಿಸಬೇಕು.

ಪ್ರಸ್ತುತ ಲೇಖಕನಿಗೆ ಇದನ್ನು ಕಲಿಸಿದ್ದು ಹೈಡ್ರಾಲಿಕ್ ಕೊಳವೆಗಳ ಜೋಡಣೆಯಲ್ಲಿ ಎಣ್ಣೆ ಸೋರದಂತೆ ತಡೆಯುವ, ಮಗುವಿನ ಬಳೆಗಿಂತಲೂ ಚಿಕ್ಕದಾದ, ಓ-ರಿಂಗ್ ಎಂಬ ರಬ್ಬರ್ ಉಂಗುರಗಳು. ಮುಚ್ಚಿದ ಪೊಟ್ಟಣದ ಚೀಟಿಯಲ್ಲಿ ಭಾಗದ ಸಂಖ್ಯೆ, ಬ್ಯಾಚ್ ಸಂಖ್ಯೆಗಳ ಜೊತೆಗೆ 2ಕ್ಯೂ19 ಎಂಬ ಗುರುತಿತ್ತು; ರಬ್ಬರನ್ನು ಹದಗೊಳಿಸಿದ್ದು 2019ರ ಎರಡನೆಯ ತ್ರೈಮಾಸಿಕದಲ್ಲಿ ಎಂದು ಅದರರ್ಥ, ಶೇಖರಣೆಯ ಅವಧಿಯನ್ನು ಎಣಿಸುವುದೂ ಅಲ್ಲಿಂದಲೇ. ಅವಧಿ ಇನ್ನೂ ಬಾಕಿಯಿತ್ತು. ಆದರೆ ಚೀಟಿಯ ಬ್ಯಾಚ್ ಸಂಖ್ಯೆಗೂ ಪ್ರಮಾಣಪತ್ರದಲ್ಲಿದ್ದುದಕ್ಕೂ ಒಂದೇ ಒಂದು ಅಂಕಿಯ ವ್ಯತ್ಯಾಸ ಕಂಡ ಗ್ರಾಹಕ ಸಂಸ್ಥೆಯ ಸ್ಟೋರ್ಸ್ ಸಿಬ್ಬಂದಿ ಸರಕನ್ನು ಕ್ವಾರಂಟೈನ್ ಕಪಾಟಿಗೆ, ಅಂದರೆ ಸಂಶಯ ತೀರುವವರೆಗೆ ಬೀಗ ಹಾಕಿಡುವ ಜಾಗಕ್ಕೆ, ಸೇರಿಸಿದರು. ಬಿಡಿಭಾಗಕ್ಕಾಗಿ ಕಾದು ನೆಲದಲ್ಲೇ ನಿಂತ ವಿಮಾನದ ಸ್ಥಿತಿಯನ್ನು ಎಒಜಿ ಎನ್ನುತ್ತಾರೆ. ಆ ಮೂರಕ್ಷರದ ಕರೆ ಬಂದಾಗ ಪೂರೈಕೆದಾರನ ಗಮನವೆಲ್ಲ ಸರಕು ಯಾವ ವಿಮಾನಕ್ಕೆ ಹತ್ತುತ್ತದೆಂಬುದರ ಮೇಲೆಯೇ ಇರುವುದರಿಂದ, ಚೀಟಿಯನ್ನೂ ಪ್ರಮಾಣಪತ್ರವನ್ನೂ ಪಕ್ಕಪಕ್ಕ ಇಟ್ಟು ಓದುವ ಐದು ನಿಮಿಷದ ಕೆಲಸ ಅಂದು ನಡೆದಿರಲಿಲ್ಲ. ಸ್ಟೋರ್ಸ್ ಸಿಬ್ಬಂದಿಯ ಮೇಲೆ ಬಂದ ಸಿಟ್ಟು ಅನ್ಯಾಯದ್ದೆಂದು ಒಪ್ಪಿಕೊಳ್ಳಲು ಮಾತ್ರ ಹೆಚ್ಚು ಕಾಲ ಹಿಡಿಯಿತು.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಬಿಎಸಿ ಒನ್-ಇಲೆವೆನ್ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಗಿ, ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಎಳೆಯಲ್ಪಟ್ಟರೂ ಬದುಕುಳಿದ ಪ್ರಸಂಗ ಪ್ರಸಿದ್ಧವಾದುದು. ಗಾಜನ್ನು ಹಿಡಿದಿಡಬೇಕಿದ್ದ 90 ಬೋಲ್ಟುಗಳಲ್ಲಿ 84ರ ವ್ಯಾಸ ಬೇಕಾದುದಕ್ಕಿಂತ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಸಣ್ಣದಿತ್ತೆಂದೂ, ಭಾಗಗಳ ಕ್ಯಾಟಲಾಗನ್ನು ನೋಡದೆ ಹಳೆಯ ಬೋಲ್ಟನ್ನು ಹಿಡಿದು ಮಂದ ಬೆಳಕಿನಲ್ಲಿ ಕಣ್ಣಳತೆಯಿಂದ ಅವನ್ನು ಆರಿಸಲಾಗಿತ್ತೆಂದೂ ತನಿಖೆ ಕಂಡುಕೊಂಡಿತು. ಸರಿಯಾದ ಬೋಲ್ಟು ಯಾವುದೆಂದು ಸ್ಟೋರ್ಸ್‌ನವರು ಮೊದಲೇ ಹೇಳಿದ್ದರೆಂಬ ಸಂಗತಿಯೂ ಅದೇ ವರದಿಯಲ್ಲಿದೆ. ಪೂರೈಕೆದಾರರು ಓದಬೇಕಾದ ಸಾಲು ಅದು.

ಓ-ರಿಂಗುಗಳ ಮೂಲವನ್ನು ತಯಾರಕರಿಂದಲೂ ಖಚಿತಪಡಿಸಿಕೊಳ್ಳಲಾಗದೆ ಹೋದಾಗ, ತಿರಸ್ಕೃತ ಸರಕು ಕಳ್ಳದಾರಿಯಲ್ಲಿ ಮತ್ತೆ ಮಾರುಕಟ್ಟೆ ಸೇರಬಾರದೆಂಬ ಕ್ರಮದಂತೆ, ಒಂದೊಂದನ್ನೂ ಕತ್ತರಿಯಿಂದ ಎರಡು ತುಂಡು ಮಾಡಿ ಎಸೆಯಲಾಯಿತು.