ಮರುಸೃಷ್ಟಿಯಿಂದ ಮೂಲದೆಡೆಗೆ: ‘ಆಪ್ತಮಿತ್ರ’ದ ಬಳಿಕ ‘ಮಣಿಚಿತ್ರತ್ತಾಳ್’

ಮೂಲಕೃತಿಯು ಕಾಲದಲ್ಲಿ ಮೊದಲಿನದಾದರೂ ಗ್ರಹಿಕೆಯಲ್ಲಿ ಮೊದಲಿನದಾಗಬೇಕೆಂದಿಲ್ಲ. ಕುಮಾರವ್ಯಾಸನ ಮೂಲಕ ಭಾರತಕಥೆಯನ್ನರಿತು ಆಮೇಲೆ ವ್ಯಾಸಭಾರತದತ್ತ ಹೊರಳುವ ಕನ್ನಡ ಓದುಗನಿಗೆ ಈ ಹಿಮ್ಮುಖ ಪಯಣ ಹೊಸದಲ್ಲ. 2004ರಲ್ಲಿ ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ವನ್ನು ಕಂಡು, ತರುವಾಯ ಅದರ ಮೂಲವಾದ ಫಾಸಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ನೋಡುವ ಪ್ರೇಕ್ಷಕನ ಸ್ಥಿತಿಯೂ ಇದೇ. ಆದರೆ ಭಯವನ್ನು ಆಶ್ರಯಿಸಿದ ಕಥನದಲ್ಲಿ ಈ ಕ್ರಮಪಲ್ಲಟಕ್ಕೆ ವಿಶೇಷ ಅರ್ಥವಿದೆ. ಗುಟ್ಟು ಮೊದಲೇ ತಿಳಿದಿದ್ದರೆ ಮೂಲದಲ್ಲಿ ಉಳಿಯುವುದೇನು ಎಂಬುದು ಇಲ್ಲಿನ ಪ್ರಶ್ನೆ.

ಎರಡೂ ಚಿತ್ರಗಳ ಕಥಾಹಂದರ ಒಂದೇ: ಹಳೆಯ ಮನೆ, ಬೀಗ ಜಡಿದ ಕೋಣೆ, ಹಿಂದೊಮ್ಮೆ ಕೊಲೆಯಾದ ನರ್ತಕಿ ನಾಗವಲ್ಲಿ, ಅವಳನ್ನು ತನ್ನೊಳಗೆ ಆವಾಹಿಸಿಕೊಳ್ಳುವ ಗಂಗಾ, ಅದನ್ನು ಗುರುತಿಸುವ ಮನೋವೈದ್ಯ. ಮಧು ಮುಟ್ಟಂ ಬರೆದ ಮೂಲ ಚಿತ್ರಕಥೆಯು ಸಂಶಯವನ್ನು ಬಹುಕಾಲ ಶ್ರೀದೇವಿಯ ಮೇಲೆ ನಿಲ್ಲಿಸುತ್ತದೆ. ಕನ್ನಡಿಗರಿಗೆ ಪರಿಚಿತರಾದ ವಿನಯಾ ಪ್ರಸಾದ್ ಆ ಪಾತ್ರ ವಹಿಸಿರುವುದು ಗಮನಾರ್ಹ. ಉತ್ತರವನ್ನು ಬಲ್ಲ ಪ್ರೇಕ್ಷಕನು ಈ ಬಲೆಗೆ ಬೀಳುವುದಿಲ್ಲ. ಅವನ ಕಣ್ಣು ಆರಂಭದಿಂದಲೇ ಗಂಗಾಳನ್ನು ಹಿಂಬಾಲಿಸುತ್ತದೆ. ತಂದೆತಾಯಿ ದೂರದ ಕಲ್ಕತ್ತೆಯಲ್ಲಿದ್ದಾಗ ಅಜ್ಜಿಯ ಬಳಿ ಬೆಳೆದ ಬಾಲ್ಯ, ಕಥೆಗಳ ಹಸಿವು, ಕೋಣೆಗೆ ಕೀಲಿಕೈ ಮಾಡಿಸುವ ಆತುರ - ಮೊದಲ ಸಲ ನೋಡುವವನಿಗೆ ಕೇವಲ ವಿವರಗಳಾಗಿ ತೋರುವ ಇವು ಅವನಿಗೆ ರೋಗದ ಲಕ್ಷಣಗಳಾಗಿ ಕಾಣುತ್ತವೆ. ರಸದ ಪರಿಭಾಷೆಯಲ್ಲಿ ಹೇಳುವುದಾದರೆ, ಭಯಾನಕವು ಹಿಂದೆ ಸರಿದು ಕರುಣವು ಮುನ್ನೆಲೆಗೆ ಬರುತ್ತದೆ.

ಮರುಸೃಷ್ಟಿಯ ಆಯ್ಕೆಗಳೂ ಆಗಲೇ ಸ್ಪಷ್ಟವಾಗುತ್ತವೆ. ಮೂಲದ ಶೀರ್ಷಿಕೆ ಒಂದು ಬೀಗವನ್ನು ಹೆಸರಿಸುತ್ತದೆ. ಕನ್ನಡದ ಶೀರ್ಷಿಕೆ ಗೆಳೆಯನೊಬ್ಬನನ್ನು. ಮುಚ್ಚಿದ ಮನಸ್ಸಿನಿಂದ ಅದನ್ನು ತೆರೆಯುವ ನಾಯಕನತ್ತ ಕೇಂದ್ರವು ಸರಿದಿರುವುದಕ್ಕೆ ಈ ಹೆಸರೇ ಸಾಕ್ಷಿ. ಮೋಹನ್‌ಲಾಲ್ ಅಭಿನಯದ ಸನ್ನಿ ಕಥೆ ಸಾಕಷ್ಟು ಮುಂದುವರಿದ ಮೇಲೆ ಬರುತ್ತಾನೆ. ನಾಗವಲ್ಲಿಯನ್ನು ಕೊಂದ ಶಂಕರನ್ ತಂಬಿಗೂ ಅವನಿಗೂ ರೂಪಸಾಮ್ಯವಿಲ್ಲ. ‘ಆಪ್ತಮಿತ್ರ’ದಲ್ಲಾದರೋ ವೈದ್ಯ ಮತ್ತು ಕ್ರೂರ ರಾಜ ಇಬ್ಬರೂ ವಿಷ್ಣುವರ್ಧನ್ ಅವರೇ. ಇದನ್ನು ತಾರಾವರ್ಚಸ್ಸಿನ ಅಗತ್ಯವೆಂದು ವಿವರಿಸಬಹುದು. ಆದರೆ ಹಿಂಸಿಸಿದವನಿಗೂ ಗುಣಪಡಿಸುವವನಿಗೂ ಒಂದೇ ಮುಖವಿರುವುದು, ಉದ್ದೇಶಿತವಲ್ಲದಿದ್ದರೂ, ಹೊಸ ಅರ್ಥವೊಂದನ್ನು ಹೊಮ್ಮಿಸುತ್ತದೆ.

ಭಾಷೆಯ ವಿಷಯ ಇನ್ನೂ ಕುತೂಹಲಕರ. ಮಲಯಾಳಂ ಚಿತ್ರದ ನಾಗವಲ್ಲಿ ತಂಜಾವೂರಿನವಳು, ತಮಿಳು ಆಡುತ್ತಾಳೆ. ಕನ್ನಡದ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. 2005ರ ತಮಿಳು ‘ಚಂದ್ರಮುಖಿ’ಯೂ ತೆಲುಗನ್ನೇ ಆರಿಸಿಕೊಂಡರೆ, 2007ರ ಹಿಂದಿ ‘ಭೂಲ್ ಭುಲಯ್ಯಾ’ ಬಂಗಾಳಿಯತ್ತ ತಿರುಗಿತು. ದೆವ್ವವು ಎಲ್ಲೆಡೆಯೂ ನೆರೆಯ ನುಡಿಯನ್ನಾಡುತ್ತದೆ. ಅರ್ಥವಾಗುವಷ್ಟು ಹತ್ತಿರ, ಅಂಜಿಸುವಷ್ಟು ದೂರ - ಈ ಅಂತರವೇ ಭಯದ ನೆಲೆ. ಒಂದೇ ಚಿತ್ರವನ್ನು ನೋಡಿದವನಿಗೆ ಇದು ಕಥೆಯ ಆಕಸ್ಮಿಕ. ಎರಡನ್ನೂ ನೋಡಿದವನಿಗೆ ನಿಯಮ.

ಶೋಭನಾ ಅವರಿಗೆ ಈ ಪಾತ್ರ ರಾಷ್ಟ್ರಪ್ರಶಸ್ತಿ ತಂದಿತು. ಕನ್ನಡದ ಗಂಗಾಳಾದ ಸೌಂದರ್ಯ ‘ಆಪ್ತಮಿತ್ರ’ ತೆರೆಕಾಣುವ ಮೊದಲೇ, 2004ರ ಏಪ್ರಿಲ್ 17ರಂದು ವಿಮಾನ ದುರಂತದಲ್ಲಿ ನಿಧನರಾದರು. ಹೀಗಾಗಿ ಕನ್ನಡ ಪ್ರೇಕ್ಷಕನು ಮೂಲದ ಗಂಗಾಳನ್ನು ಈ ನೆನಪಿನೊಂದಿಗೇ ನೋಡುತ್ತಾನೆ. ಮೂಲವು ಮರುಸೃಷ್ಟಿಯ ಕೊರತೆಯನ್ನು ತೋರಿಸುವಂತೆಯೇ ಮರುಸೃಷ್ಟಿಯೂ ಮೂಲಕ್ಕೆ ತನ್ನ ದುಃಖವನ್ನು ಸೇರಿಸುತ್ತದೆ. ಯಾವುದು ಶ್ರೇಷ್ಠ ಎಂಬ ಚರ್ಚೆಗಿಂತ, ಬೀಗದ ಹಿಂದಿದ್ದ ಹೆಣ್ಣಿನ ನೋವನ್ನು ಯಾವ ಕ್ರಮದ ನೋಟ ಹೆಚ್ಚು ಕಾಣಿಸುತ್ತದೆ ಎಂಬ ವಿಚಾರವೇ ಇಲ್ಲಿ ಮುಖ್ಯ. ಗುಟ್ಟು ತಿಳಿದ ಮೇಲೆಯೇ ಆ ನೋವು ಪೂರ್ಣವಾಗಿ ಗೋಚರಿಸುತ್ತದೆ.