ಪೇಪರ್ ಕೊಳ್ಳಬೇಡಿ, ಡಾಕ್ಟರೇ

ಪ್ರಶ್ನೆ: ನಮ್ಮೂರು ಮೂಡಲಗಿ. ಬೆಳಗಾವಿಯಲ್ಲಿ ಎಂಬಿಬಿಎಸ್ ಮುಗಿಸಿ ಈಗ ಹುಕ್ಕೇರಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದೇನೆ. ಚರ್ಮರೋಗದಲ್ಲೇ ಎಂಡಿ ಮಾಡುವ ಆಸೆ. ಮೊದಲ ಸಲದ ರ‍್ಯಾಂಕಿಗೆ ಆ ಸೀಟು ದಕ್ಕಲಿಲ್ಲ. ಹೆಸರಿನಲ್ಲಿ ನಾಲ್ಕು ಸಂಶೋಧನಾ ಪೇಪರ್ ಇದ್ದರೆ ತೂಕ ಬರುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ದುಡ್ಡು ಕೊಟ್ಟರೆ ಲೇಖಕರ ಪಟ್ಟಿಗೆ ಹೆಸರು ಸೇರಿಸುತ್ತೇವೆಂದು ಒಬ್ಬರು ಫೋನ್ ಮಾಡುತ್ತಲೇ ಇದ್ದಾರೆ. ಅಪ್ಪ, ‘ಮುಖಕ್ಕ ಕ್ರೀಮ್ ಹಚ್ಚಾಕ ಇಷ್ಟ ಓದಬೇಕೇನವಾ?’ ಅಂತಾರೆ. ಗೋಕಾಕದ ಚಿಕ್ಕಪ್ಪನ ಮಗ ಎಂಬಿಬಿಎಸ್ ಎರಡನೇ ವರ್ಷ, ಅವನಿಗೂ ಸಂಶೋಧನೆಯ ಹುಚ್ಚು. ನಮ್ಮಂಥವರು ಇದನ್ನು ಎಲ್ಲಿ ಕಲಿಯಬೇಕು?
– ಹೆಸರು ಹಾಕಬೇಡಿ ಎಂದವರು, ಮೂಡಲಗಿ

ಉತ್ತರ: ಮೊದಲು ಆ ನಂಬರ್ ಬ್ಲಾಕ್ ಮಾಡಿ. ಎಂಡಿ ಸೀಟು ಹಂಚುವಾಗ ನೋಡುವುದು ನೀಟ್ ಪಿಜಿ ರ‍್ಯಾಂಕು ಮತ್ತು ಮೀಸಲಾತಿ. ಕೆಇಎ ಕೌನ್ಸೆಲಿಂಗ್‌ನಲ್ಲಿ ನಿಮ್ಮ ಪೇಪರ್ ಎಷ್ಟೆಂದು ಯಾರೂ ಕೇಳುವುದಿಲ್ಲ. ಹಾಗಿದ್ದಮೇಲೆ ಆ ದುಡ್ಡಿಗೆ ಬರುವುದೇನು? ನಾಳೆ ಜರ್ನಲ್‌ನವರು ಲೇಖನ ಹಿಂತೆಗೆದುಕೊಂಡರೆ ಆ ದಾಖಲೆ ಮಾತ್ರ ನಿಮ್ಮ ಹೆಸರಿಗೆ ಅಂಟಿಕೊಂಡು ಉಳಿಯುತ್ತದೆ. ಪರೀಕ್ಷೆ ಹತ್ತಿರದಲ್ಲಿದ್ದರೆ ಸಂಶೋಧನೆಯ ಮಾತನ್ನೂ ಈಗ ಬಿಡಿ, ಓದಿ. ಸಮಯವಿದೆ ಎಂದಾದರೆ ಮುಂದಿನದನ್ನು ಕೇಳಿ.

ದೊಡ್ಡ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಸುಲಭವಾಗಿ ಸಿಗದ ರೋಗಿ ನಿಮ್ಮ ಓಪಿಡಿಗೆ ತಾನಾಗಿ ಬರುತ್ತಾನೆ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಲ್ಲಿ ನುರಿಸುವ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊಲದಂಚಿನ ಗುಡಿಸಲಿಗೆ ಬಂದಿಳಿಯುತ್ತವೆ. ಬೆವರು, ಒದ್ದೆ ಬಟ್ಟೆ, ಮನೆಮಂದಿಗೆಲ್ಲ ಒಂದೇ ಹಾಸಿಗೆ: ಗಜಕರ್ಣಕ್ಕೆ ಇನ್ನೇನು ಬೇಕು? ಆಸ್ಪತ್ರೆಗೆ ಬರುವ ಮುಂಚೆ ಇವರು ಔಷಧದ ಅಂಗಡಿಗೆ ಹೋಗಿರುತ್ತಾರೆ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬು ಇಂದಿಗೂ ಕೈಗೆ ಸಿಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಚ್ಚಿದ ಎರಡು ದಿನಕ್ಕೆ ತುರಿಕೆ ಅಡಗುತ್ತದೆ, ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ಉಂಗುರದ ಅಂಚು ಮಾಸಿಹೋಗಿ, ನೋಡಿದ ವೈದ್ಯರಿಗೂ ಅದು ಗಜಕರ್ಣವೆಂದು ಹೊಳೆಯುವುದಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳದ ರೋಗಿಗಳಲ್ಲಿ ಕಂಡ ಒಂದು ಶಿಲೀಂಧ್ರಕ್ಕೆ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಮಾತ್ರೆಗೂ ಬಗ್ಗದ ತಳಿಗಳು ಅದರಲ್ಲಿವೆ. ಈಗ ಅದು ಯುರೋಪ್, ಅಮೆರಿಕದ ಚರ್ಮವೈದ್ಯರಿಗೂ ತಲೆನೋವು.

ಹಾಗಾದರೆ ಪ್ರಶ್ನೆಯನ್ನು ಸಣ್ಣದಾಗಿಯೇ ಹಾಕಿಕೊಳ್ಳಿ. ಒಂದು ಹಂಗಾಮಿನಲ್ಲಿ ನಿಮ್ಮ ಕೇಂದ್ರಕ್ಕೆ ಬಂದ ಗಜಕರ್ಣದ ರೋಗಿಗಳಲ್ಲಿ ಎಷ್ಟು ಜನ ಯಾವ ಟ್ಯೂಬು ಹಚ್ಚಿದ್ದರು, ಅದನ್ನು ಹೇಳಿದವರು ಅಂಗಡಿಯವರೋ ನೆರೆಯವರೋ ಡಾಕ್ಟರೋ, ಎಷ್ಟು ವಾರ ಹಚ್ಚಿದರು, ಮನೆಯಲ್ಲಿ ಇನ್ನೆಷ್ಟು ಮಂದಿಗೆ ತುರಿಕೆ ಇದೆ. ಕಫ, ಮಲೇರಿಯಾ ನೋಡುವ ಸೂಕ್ಷ್ಮದರ್ಶಕ ನಿಮ್ಮ ಲ್ಯಾಬಿನಲ್ಲಿದ್ದರೆ, ಚರ್ಮದ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಶಿಲೀಂಧ್ರದ ಎಳೆ ನೋಡುವುದನ್ನು ಟೆಕ್ನೀಷಿಯನ್ ಜೊತೆ ಕೂತು ಕಲಿಯಬಹುದು. ದೊಡ್ಡ ಅನುದಾನ ಬೇಡ. ಬೇಕಾದದ್ದು ಗೈಡ್ ಒಬ್ಬರು, ತಾಲೂಕು ಆರೋಗ್ಯಾಧಿಕಾರಿಯ ಮೂಲಕ ಇಲಾಖೆಯ ಅನುಮತಿ, ಮತ್ತು ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ. ಈ ಒಪ್ಪಿಗೆ ಬರುವ ತನಕ ಅಧ್ಯಯನಕ್ಕೆಂದು ಒಬ್ಬ ರೋಗಿಯ ಮಾಹಿತಿಯನ್ನೂ ಬರೆದುಕೊಳ್ಳಬೇಡಿ. ಎಷ್ಟೋ ಒಳ್ಳೆಯ ಕೆಲಸ ಮುಗಿದ ಮೇಲೆ ವ್ಯರ್ಥವಾಗುವುದು ಇಲ್ಲೇ. ರೋಗಿಯ ಫೋಟೋ ಇದ್ದರಂತೂ ಅವರದೇ ಲಿಖಿತ ಸಮ್ಮತಿ ಬೇಕು. ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಚಾಳಿ ಇದ್ದರೆ ಇವತ್ತೇ ಬಿಡಿ.

ಗೈಡ್ ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಬೆಳಗಾವಿಯ ಬಿಮ್ಸ್‌ನಲ್ಲಿ, ಕೆಎಲ್ಇಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗಗಳಿವೆ. ನೆಹರೂ ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆಯೇ ಇದೆ. ಎದುರಿಗೆ ಹೋಗಿ ‘ಸರ್, ಏನಾದರೂ ಟಾಪಿಕ್ ಕೊಡಿ’ ಎನ್ನುವವರು ಬಹಳ. ಒಂದೇ ಪುಟದಲ್ಲಿ ನಿಮ್ಮ ಪ್ರಶ್ನೆ, ತಿಂಗಳಿಗೆ ಬರುವ ರೋಗಿಗಳ ಅಂದಾಜು ಬರೆದುಕೊಂಡು ಹೋಗಿ, ಮಾತಿನ ಧಾಟಿಯೇ ಬೇರೆಯಾಗುತ್ತದೆ. ಅದಕ್ಕೂ ಮೊದಲು ವಿಧಾನ ಕಲಿಯಬೇಕೆಂದರೆ ಚೆನ್ನೈನ ಐಸಿಎಂಆರ್ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆಯ ಕೋರ್ಸುಗಳು ಆನ್‌ಲೈನ್ ವೇದಿಕೆ ಎನ್‌ಪಿಟಿಇಎಲ್‌ನಲ್ಲಿವೆ. ಪಾಠ ಕೇಳಲು ಶುಲ್ಕವಿಲ್ಲ. ಎಂಡಿ ಸೇರಿದ ಮೇಲೆ ಅವರ ಬಯೋಮೆಡಿಕಲ್ ಸಂಶೋಧನೆಯ ಮೂಲ ಕೋರ್ಸನ್ನು ಹೇಗೂ ಮುಗಿಸಲೇಬೇಕು.

ಅಪ್ಪನವರ ಮಾತಿಗೆ ಸಿಟ್ಟಾಗಬೇಡಿ. ಪೇಟೆಯ ಬೋರ್ಡುಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವರಿಗೆ ಕುಷ್ಠದ ಸಂಗತಿ ಹೇಳಿ. 2005ರ ಕೊನೆಗೆ ದೇಶದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಅಲ್ಲಿಗೆ ರೋಗವೇ ಹೋಯಿತೆಂದು ಜನರೂ, ಎಷ್ಟೋ ವೈದ್ಯರೂ ತಿಳಿದುಕೊಂಡರು. ಈಗಲೂ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ, ಜಗತ್ತಿನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು. ಸ್ಪರ್ಶ ತಿಳಿಯದ ಮಚ್ಚೆಯನ್ನು ಬೆರಳು ಮುದುಡುವ ಮುಂಚೆ ಗುರುತಿಸುವವರು ಚರ್ಮದ ಡಾಕ್ಟರೇ. ಮುಂದೆ ಇದರಲ್ಲೇ ಆಳಕ್ಕಿಳಿಯಬೇಕೆಂದರೆ ವೆಲ್ಲೂರು ಹತ್ತಿರದ ಕರಿಗಿರಿ ಮತ್ತು ಚೆಂಗಲ್ಪಟ್ಟಿನ ಕುಷ್ಠರೋಗ ಸಂಸ್ಥೆಗಳು, ಆಗ್ರಾದ ಜಾಲ್ಮಾ ಸಂಸ್ಥೆ ಇವೆ. ಎಂಡಿ ಪ್ರಬಂಧಕ್ಕೆ ಐಸಿಎಂಆರ್ ಧನಸಹಾಯವಿದೆ. 1973ರಲ್ಲಿ ಎರಡು ಸಂಘಗಳು ಕೂಡಿ ಆದ ಚರ್ಮವೈದ್ಯರ ಸಂಘ ಐಎಡಿವಿಎಲ್ ಕೂಡ ಸಂಶೋಧನೆಗೆ ಅನುದಾನ ಕೊಡುತ್ತದೆ. ಅದು ಎಂಡಿ ಸೇರಿದ ನಂತರದ ಮಾತು.

ನಿಮ್ಮ ತಮ್ಮನ ದಾರಿ ಇನ್ನೂ ಸುಲಭ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆಂದೇ ಐಸಿಎಂಆರ್ 1979ರಿಂದ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಎಲ್ಲರೂ ಎಸ್‌ಟಿಎಸ್ ಅನ್ನುವುದು ಅದನ್ನೇ. ತನ್ನದೇ ಕಾಲೇಜಿನ ಅಧ್ಯಾಪಕರ ಕೈಕೆಳಗೆ ಎರಡು ತಿಂಗಳ ಕೆಲಸ. ವರದಿ ಒಪ್ಪಿಗೆಯಾದ ಮೇಲೆ ಹಣ ಮತ್ತು ಪ್ರಮಾಣಪತ್ರ. ಇಂಟರ್ನ್‌ಶಿಪ್‌ಗೆ ಬಂದವರಿಗೆ ಇದು ಸಿಗುವುದಿಲ್ಲ, ಹಾಗಾಗಿ ನಿಮ್ಮ ಸರದಿ ದಾಟಿದೆ, ಅವನದು ಇದೆ. ಪ್ರಕಟಣೆ ಬಂದ ಮೇಲೆ ಗೈಡ್ ಹುಡುಕಲು ಹೊರಟರೆ ಕೊನೆಯ ದಿನ ಎದುರಿಗೇ ಇರುತ್ತದೆ. ಈ ತಿಂಗಳೇ ವಿಭಾಗಕ್ಕೆ ಹೋಗಿ ಒಬ್ಬರನ್ನು ಒಪ್ಪಿಸಿಟ್ಟುಕೊಳ್ಳಲಿ. ಮೊದಲ ಸಲ ಆಯ್ಕೆಯಾಗದಿದ್ದರೆ ಅದೇ ಪ್ರಸ್ತಾವ ತಿದ್ದಿ ಮುಂದಿನ ವರ್ಷ ಹಾಕಲಿ, ಅವನಿಗಿನ್ನೂ ವಯಸ್ಸಿದೆ.