ಮೀನು ಕೊಳಕ್ಕೆ ನೀರು ಧುಮುಕುವ ಮೆಟ್ಟಿಲು

ಸಂಜೆ ಚುರುಕಾಗಿದ್ದ ಕಾಟ್ಲಾ, ರೋಹು ಮೀನುಗಳು ಬೆಳಗಿನ ಜಾವ ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ಮೀನು ಸಾಕುವ ರೈತರು ಬಲ್ಲರು. ರೋಗವೆಂದು ಭಾವಿಸಿ ಔಷಧಿ ಹುಡುಕುವಷ್ಟರಲ್ಲಿ ದೊಡ್ಡ ಮೀನುಗಳೇ ಮೊದಲು ಸತ್ತು ತೇಲುತ್ತವೆ. ಬಹುಮಟ್ಟಿಗೆ ಇದಕ್ಕೆ ಕಾರಣ ನೀರಿನಲ್ಲಿ ಕರಗಿರುವ ಆಮ್ಲಜನಕದ ಕೊರತೆ.

ಕೊರತೆ ಏಕೆ?

ಹಗಲಿನಲ್ಲಿ ಹಸಿರು ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ರಾತ್ರಿ ಅದೂ ಮೀನಿನಂತೆಯೇ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆ ಅದು ಅತಿ ಕಡಿಮೆ ಇರುತ್ತದೆ. ೩೦ ಡಿಗ್ರಿ ಸೆಂ. ಉಷ್ಣತೆಯ ನೀರು ಗಾಳಿಯಿಂದ ಲೀಟರಿಗೆ ಸುಮಾರು ೭.೫ ಮಿಲಿಗ್ರಾಂ ಮಾತ್ರ ಹೀರಬಲ್ಲದು. ಗೆಂಡೆ ಮೀನಿನ ಬೆಳವಣಿಗೆಗೆ ೫ ಮಿಲಿಗ್ರಾಂ ಇರುವುದು ಒಳ್ಳೆಯದು. ಕೊಳವೆ ಬಾವಿಯ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಕಡಿಮೆ. ಅದನ್ನು ಪೈಪಿನಿಂದ ನೇರವಾಗಿ ಬಿಡದೆ, ಮೆಟ್ಟಿಲುಗಳ ಮೇಲೆ ತೆಳ್ಳಗೆ ಹರಡಿ ಬೀಳಿಸಿದರೆ ಗಾಳಿಯೊಡನೆ ಬೆರೆಯುತ್ತದೆ.

ಕಟ್ಟುವ ವಿಧಾನ

೧. ಮೊದಲು ಪಂಪಿನ ನೀರನ್ನು ಅಳೆಯಿರಿ. ೨೦೦ ಲೀಟರಿನ ಡ್ರಮ್ಮು ೪೦ ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ೫ ಲೀಟರು ಎಂದರ್ಥ.

೨. ಏರಿಯ ಮೇಲೆ ಸಣ್ಣ ತೊಟ್ಟಿ ಕಟ್ಟಿ ಪೈಪನ್ನು ಅದರ ತಳಕ್ಕೆ ಇಳಿಸಿರಿ. ನೀರಿನ ರಭಸ ತಗ್ಗುತ್ತದೆ. ನೀರು ಹೊರಳುವ ಅಂಚನ್ನು ರಸಮಟ್ಟವಿಟ್ಟು ಸಮಮಾಡಿರಿ. ಅಂಚು ಓರೆಯಾದರೆ ನೀರೆಲ್ಲ ಒಂದೇ ಮೂಲೆಯಲ್ಲಿ ಸುರಿಯುತ್ತದೆ. ಸೆಕೆಂಡಿಗೆ ೫ ಲೀಟರು ನೀರು ೧ ಮೀಟರು ಉದ್ದದ ಅಂಚಿನ ಮೇಲೆ ಸುಮಾರು ೨ ಸೆಂ.ಮೀ. ದಪ್ಪ ಹರಿದರೆ, ೨ ಮೀಟರು ಅಂಚಿನ ಮೇಲೆ ಸುಮಾರು ೧.೨ ಸೆಂ.ಮೀ. ದಪ್ಪ ಹರಿಯುತ್ತದೆ. ತೆಳುವಾದಷ್ಟೂ ಗಾಳಿಯ ಸಂಪರ್ಕ ಹೆಚ್ಚು.

೩. ಕೆಳಗೆ ಒಂದೊಂದು ಅಡಿ ಎತ್ತರದ ೩-೪ ಮೆಟ್ಟಿಲು ಸಾಕು. ಪ್ರತಿ ಚಪ್ಪಡಿಯೂ ಗೋಡೆಯಿಂದ ೨ ಅಂಗುಲ ಮುಂದಕ್ಕೆ ಚಾಚಿರಲಿ. ಇಲ್ಲವಾದರೆ ನೀರು ಧುಮುಕದೆ ಗೋಡೆಗೆ ಅಂಟಿ ಜಾರುತ್ತದೆ.

೪. ನೀರು ಬೀಳುವೆಡೆ ದಪ್ಪ ಕಲ್ಲು ಹಾಸಿರಿ. ಏರಿಯ ಬುಡ ಕೊರೆಯುವುದು ತಪ್ಪುತ್ತದೆ. ಹೊಸದಾಗಿ ಮಣ್ಣು ತುಂಬಿದ ಏರಿಯ ಮೇಲೆ ಕಟ್ಟಬೇಡಿ.

೫. ಹೊಸ ಸಿಮೆಂಟಿನಿಂದ ನೀರಿನ ಕ್ಷಾರಗುಣ ಏರುತ್ತದೆ. ಕೆಲವು ದಿನ ತೊಳೆದು, ಆ ನೀರನ್ನು ಹೊರಗೆ ಹರಿಸಿರಿ.

ಬಳಸುವ ಹೊತ್ತು

ನಡುರಾತ್ರಿಯಿಂದ ಸೂರ್ಯೋದಯದವರೆಗೆ ನೀರು ಬೀಳಿಸಿರಿ. ಮೋಡ ಕವಿದ ದಿನದ ರಾತ್ರಿ ಇದನ್ನು ತಪ್ಪಿಸಲೇಬಾರದು. ಬಾವಿಯಲ್ಲಿ ನೀರಿಲ್ಲದಿದ್ದರೆ ಕೊಳದ ನೀರನ್ನೇ ಎತ್ತಿ ಬೀಳಿಸಬಹುದು. ಫುಟ್‌ವಾಲ್ವ್ ಕೆಸರಿಗಿಂತ ಒಂದು ಅಡಿ ಮೇಲಿರಲಿ, ಸುತ್ತ ಬಲೆಯಿರಲಿ. ಆದರೆ ಬಿಸಿಲಿನ ಮಧ್ಯಾಹ್ನ ಹೀಗೆ ಮಾಡಬೇಡಿ. ಪಾಚಿ ಬಿಟ್ಟ ಹೆಚ್ಚುವರಿ ಆಮ್ಲಜನಕವೇ ಹಾರಿಹೋಗುತ್ತದೆ.

ಮೀನು ಮೇಲೆ ಬಂದ ದಿನ ಸಗಣಿ ಗೊಬ್ಬರ ಮತ್ತು ಆಹಾರ ಹಾಕುವುದನ್ನು ನಿಲ್ಲಿಸಿರಿ. ಮರಿಗಳನ್ನು ಮಿತಿಮೀರಿ ಬಿಟ್ಟ ಕೊಳವನ್ನು ಯಾವ ಮೆಟ್ಟಿಲೂ ಕಾಪಾಡಲಾರದು.